ಸೇಂಟ್ ಮಾಲೋ ಕೋಟೆಯ ರೇವೂ ಸಮುದ್ರಯಾನದ ದಂಪತಿಗಳೂ

ಫ್ರಾನ್ಸ್ ದೇಶದ ವಾಯವ್ಯದಲ್ಲಿರುವ ಬ್ರಿಟನಿ ಪ್ರಾಂತದ ಉತ್ತರ ಕರಾವಳಿಯಲ್ಲಿ, ರಾನ್ಸ್ ಎಂಬ ನದಿಯು ಕಡಲನ್ನು ಕೂಡುವೆಡೆಯಲ್ಲಿ, ಸೇಂಟ್ ಮಾಲೋ ಎಂಬ ರೇವುಪಟ್ಟಣವಿದೆ. ಸುತ್ತಲೂ ಕಲ್ಲಿನ ಪ್ರಾಕಾರವುಳ್ಳ ಈ ಪಟ್ಟಣಕ್ಕೆ ಬೇಸಗೆಯ ತಿಂಗಳುಗಳಲ್ಲಿ ಸಣ್ಣ ಹಾಯಿಹಡಗುಗಳು ಬಹಳವಾಗಿ ಬರುತ್ತವೆ. ಅವುಗಳಲ್ಲಿ ಎಷ್ಟನ್ನೋ ನಡೆಸುವವರು ಗಂಡಹೆಂಡಿರಿಬ್ಬರೇ. ಒಬ್ಬರು ಚುಕ್ಕಾಣಿಯನ್ನು ಹಿಡಿದರೆ ಮತ್ತೊಬ್ಬರು ಹಾಯಿಯ ಹಗ್ಗವನ್ನು ಹಿಡಿಯುತ್ತಾರೆ. ರೇವಿನಲ್ಲಿ ಎರಡು ಮೂರು ದಿನ ತಂಗಿ, ಗೋಡೆಯ ಮೇಲೆ ಪ್ರದಕ್ಷಿಣವಾಗಿ ನಡೆದು, ನೀರು ಬೇಕಾದುದನ್ನು ತುಂಬಿಕೊಂಡು, ಮತ್ತೆ ಹಾಯಿ ಬಿಚ್ಚಿ ಹೊರಡುತ್ತಾರೆ. ನೋಡುವವರಿಗೆ ಇದು ಸಾಮಾನ್ಯವಾದ ಸಂಗತಿ. ಆದರೆ ಆ ಪಟ್ಟಣದ ಪೂರ್ವವೃತ್ತಾಂತವನ್ನು ವಿಚಾರಿಸಿದವರಿಗೆ ಅಲ್ಲಿ ಕಾಣುವ ಎಲ್ಲಕ್ಕಿಂತಲೂ ಹೊಸದಾದುದು ಈ ದೃಶ್ಯವೇ ಎಂದು ತೋರದಿರದು. ಏಕೆಂದರೆ ಈ ಪ್ರಾಕಾರವನ್ನು ಎತ್ತಿದ ಜನರಲ್ಲಿ ಗಂಡನು ಕಡಲಿನವನು, ಹೆಂಡತಿಯು ಗೋಡೆಯ ಒಳಗಿನವಳು. ದಂಪತಿಗಳು ಜೊತೆಯಾಗಿ ಹಡಗನ್ನೇರುವುದು ಅಲ್ಲಿ ನಿಯಮವಲ್ಲ, ಅಪವಾದ. ಆ ಅಪವಾದಗಳು ಯಾವುವು, ನಿಯಮದಿಂದ ಉಂಟಾದ ಫಲವೇನು, ಎಂಬುದನ್ನು ನಿರೂಪಿಸುವುದು ಪ್ರಕೃತ ಲೇಖನದ ಉದ್ದೇಶ.

೧

ಮೊದಲು ಸ್ಥಳದ ಸ್ವರೂಪವನ್ನು ತಿಳಿಯಬೇಕು. ಸೇಂಟ್ ಮಾಲೋ ಮೂಲದಲ್ಲಿ ಒಂದು ಬಂಡೆಯ ದ್ವೀಪ. ಕಿರಿದಾದ ಮರಳುದಿಣ್ಣೆಯೊಂದು ಮಾತ್ರ ಅದನ್ನು ನೆಲದೊಡನೆ ಕೂಡಿಸಿತ್ತು. ಅದರ ಎದುರಿಗೆ, ಈಗ ಸೇಂಟ್ ಸರ್ವಾನ್ ಎನಿಸುವ ಕಡೆಯಲ್ಲಿ, ರೋಮನರ ಕಾಲದಿಂದಲೂ ಅಲೆತ್ ಎಂಬ ಊರಿತ್ತು. ಆರನೆಯ ಶತಮಾನದಲ್ಲಿ ವೇಲ್ಸ್ ದೇಶದಿಂದ ಬಂದನೆಂದು ಹೇಳಲಾಗುವ ಮಾಲೋ ಎಂಬ ಸನ್ಯಾಸಿಯ ಹೆಸರು ಬಂಡೆಗೆ ನಿಂತಿತು. ಹನ್ನೆರಡನೆಯ ಶತಮಾನದ ನಡುಭಾಗದಲ್ಲಿ ಜಾನ್ ದ ಶಾತಿಯೋನ್ ಎಂಬ ಬಿಷಪ್ಪನು ತನ್ನ ಪೀಠವನ್ನು ಅಲೆತ್‌ನಿಂದ ಈ ಬಂಡೆಗೆ ಸಾಗಿಸಿದನು. ಪ್ರಾಕಾರದ ಅತ್ಯಂತ ಹಳೆಯ ಭಾಗಗಳು ಆ ಕಾಲದವು.

ಈ ರೇವಿನ ನಿಜವಾದ ಕಾವಲು ಗೋಡೆಯಲ್ಲ, ನೀರು. ಇಲ್ಲಿಯ ಉಬ್ಬರವಿಳಿತಗಳ ಅಂತರವು ಯೂರೋಪಿನಲ್ಲಿಯೇ ಅತಿ ಹೆಚ್ಚಿನವುಗಳಲ್ಲಿ ಒಂದು. ಹುಣ್ಣಿಮೆ ಅಮಾವಾಸ್ಯೆಗಳ ಸಮೀಪದಲ್ಲಿ, ವಿಶೇಷವಾಗಿ ಹಗಲಿರುಳು ಸಮವಾಗುವ ವಿಷುವತ್ಕಾಲದಲ್ಲಿ, ನೀರು ೧೨ ಮೀಟರಿಗೂ ಮಿಗಿಲಾಗಿ, ಎಂದರೆ ಸುಮಾರು ೪೦ ಅಡಿ, ಏರಿ ಇಳಿಯುವುದುಂಟು. ಉಬ್ಬರದಲ್ಲಿ ಅಲೆಗಳು ಕೋಟೆಯ ಕಲ್ಲಿಗೆ ಬಡಿಯುತ್ತವೆ. ಆರು ಗಂಟೆ ಕಳೆದರೆ ಅದೇ ಸ್ಥಳದಲ್ಲಿ ಮಕ್ಕಳು ಮರಳಿನ ಮೇಲೆ ಆಡುತ್ತಿರುತ್ತಾರೆ. ಈ ಬಲವನ್ನೇ ಉಪಯೋಗಿಸಿ ರಾನ್ಸ್ ನದಿಯ ಮುಖಕ್ಕೆ ಕಟ್ಟೆ ಕಟ್ಟಿ, ವಿದ್ಯುಚ್ಛಕ್ತಿಯನ್ನು ಉತ್ಪಾದಿಸುವ ಕೇಂದ್ರವನ್ನು ೧೯೬೬ರಲ್ಲಿ ತೆರೆದರು. ೧೯ನೆಯ ಶತಮಾನದಲ್ಲಿ ಬಾಗಿಲುಳ್ಳ ಕೊಳಗಳು ನಿರ್ಮಿತವಾಗುವವರೆಗೆ ಇಳಿತದ ಹೊತ್ತಿನಲ್ಲಿ ಹಡಗುಗಳು ಕೆಸರಿನ ಮೇಲೆಯೇ ಕುಳಿತಿರುತ್ತಿದ್ದವು. ಕಡಲಿನಲ್ಲಿ ಮುಳುಗಿಯೂ ಮುಳುಗದೆಯೂ ಇರುವ ಬಂಡೆಗಳು ಲೆಕ್ಕವಿಲ್ಲದಷ್ಟು. ಆದುದರಿಂದ ಈ ಊರಿನ ಮಗನಲ್ಲದವನು ಊರೊಳಕ್ಕೆ ಬರುವುದು ಕಷ್ಟ. ಬಂದರೂ ಉಬ್ಬರದ ಗಳಿಗೆಯನ್ನು ಕಾದೇ ಬರಬೇಕು.

ಇಂತಹ ನೆಲೆಯು ಜನರಿಗೆ ಸ್ವಾತಂತ್ರ್ಯದ ಗರ್ವವನ್ನು ಕೊಟ್ಟಿತು. ೧೫೯೦ರಿಂದ ೧೫೯೪ರವರೆಗೆ ಈ ಪಟ್ಟಣವು ನಾಲ್ಕನೆಯ ಹೆನ್ರಿಗೆ ಬಾಗಿಲು ಮುಚ್ಚಿ ತನ್ನಷ್ಟಕ್ಕೆ ತಾನೇ ಗಣರಾಜ್ಯವಾಗಿ ನಡೆಯಿತು. ೧೬೬೧ರಲ್ಲಿ ದೊಡ್ಡ ಬೆಂಕಿಯು ಎದ್ದು ಮರದ ಮನೆಗಳನ್ನು ಸುಟ್ಟ ಮೇಲೆ, ಕಲ್ಲಿನಿಂದಲೇ ಕಟ್ಟಬೇಕೆಂಬ ಕಟ್ಟಳೆಯಾಯಿತು. ೧೬೯೩ರಲ್ಲಿ ಇಂಗ್ಲಿಷರು ಸಿಡಿಮದ್ದು ತುಂಬಿದ ಹಡಗೊಂದನ್ನು ಗೋಡೆಗೆ ತಾಗಿಸಿ ಊರನ್ನು ಹಾರಿಸಲು ಹೊರಟರು. ಹಡಗು ಬಂಡೆಗೆ ತಗುಲಿ ದೂರದಲ್ಲಿಯೇ ಸಿಡಿಯಿತು. ಸತ್ತುದು ಒಂದು ಬೆಕ್ಕು ಮಾತ್ರ ಎಂದು ಊರಿನವರು ಹೇಳಿಕೊಳ್ಳುತ್ತಾರೆ. ಅಲ್ಲಿಂದ ಮುಂದೆ ದುರ್ಗಶಿಲ್ಪಿಯಾದ ವೋಬಾನನ ಶಿಷ್ಯ ಸಿಮೆಯೋನ್ ಗಾರಾಂಜೋ ಎಂಬವನು ಪ್ರಾಕಾರವನ್ನು ಹೊರಕ್ಕೆ ಸರಿಸಿ ಸರಿಸಿ, ಕಡಲಿನಿಂದ ನೆಲವನ್ನು ಗೆದ್ದು, ಪಟ್ಟಣವನ್ನು ವಿಸ್ತರಿಸಿದನು. ಈಗಿನ ಪ್ರಾಕಾರದ ಸುತ್ತಳತೆಯು ಸುಮಾರು ಒಂದೂ ಮುಕ್ಕಾಲು ಕಿಲೋಮೀಟರು.

ರಾತ್ರಿಯಾದರೆ ಗಂಟೆಯನ್ನು ಬಾರಿಸಿ ಬಾಗಿಲುಗಳನ್ನು ಮುಚ್ಚುತ್ತಿದ್ದರು. ಕೆಸರಿನಲ್ಲಿ ನಿಂತ ಹಡಗುಗಳನ್ನು ಕಾಯಲು ಹೊರಗೆ ಕ್ರೂರವಾದ ನಾಯಿಗಳನ್ನು ಬಿಡುತ್ತಿದ್ದರು. ೧೭೭೦ರಲ್ಲಿ ಹೊತ್ತುಮೀರಿ ಬಂದ ನೌಕಾ ಅಧಿಕಾರಿಯೊಬ್ಬನನ್ನು ಆ ನಾಯಿಗಳು ಕೊಂದುವು. ಆ ಬಳಿಕ ಆ ಪದ್ಧತಿಯು ನಿಂತಿತು. ಗೋಡೆಯು ಶತ್ರುವನ್ನು ತಡೆಯುವಂತೆಯೇ ತನ್ನವರನ್ನೂ ಹೊರಗೆ ನಿಲ್ಲಿಸಬಲ್ಲುದೆಂಬುದಕ್ಕೆ ಇದೊಂದು ನಿದರ್ಶನ.

೨

ಈ ಊರಿನ ಗಂಡಸರಲ್ಲಿ ಜಗತ್ತಿಗೆ ಮೊದಲು ಪರಿಚಿತನಾದವನು ಜಾಕ್ ಕಾರ್ತಿಯೇ. ಅವನು ೧೫೨೦ರಲ್ಲಿ ಕ್ಯಾಥರೀನ್ ದೇ ಗ್ರಾಂಶ್ ಎಂಬವಳನ್ನು ವಿವಾಹವಾದನು. ಅವಳು ಊರಿನ ದಂಡನಾಯಕನ ಮಗಳು. ಕುಲದಲ್ಲಿ ಗಂಡನಿಗಿಂತ ಮೇಲಾದವಳು. ೧೫೩೪ನೆಯ ಇಸವಿ ಏಪ್ರಿಲ್ ೨೦ರಂದು ಕಾರ್ತಿಯೇ ಎರಡು ಹಡಗುಗಳೊಡನೆಯೂ ೬೧ ಜನರೊಡನೆಯೂ ಪಶ್ಚಿಮಕ್ಕೆ ಹೊರಟು, ಸೆಪ್ಟೆಂಬರ್ ೫ರಂದು ಮರಳಿದನು. ಮರುವರ್ಷ ಮೇ ತಿಂಗಳಲ್ಲಿ ಪ್ರಧಾನ ದೇವಾಲಯದಲ್ಲಿ ಬಿಷಪ್ಪನ ಆಶೀರ್ವಾದವನ್ನು ಪಡೆದು, ಮೂರು ಹಡಗುಗಳಲ್ಲಿ ಮತ್ತೆ ಹೊರಟನು. ಕೆನಡಾ ದೇಶದ ಸೇಂಟ್ ಲಾರೆನ್ಸ್ ನದಿಯು ಹೆಪ್ಪುಗಟ್ಟಿದಾಗ ಅವನ ಜನರಲ್ಲಿ ೨೫ ಮಂದಿ ರಕ್ತಪಿತ್ತದಂತಹ ಸ್ಕರ್ವಿ ರೋಗದಿಂದ ಸತ್ತರು. ಅಲ್ಲಿಯ ಮೂಲನಿವಾಸಿಗಳು ಒಂದು ಮರದ ತೊಗಟೆ ಎಲೆಗಳ ಕಷಾಯವನ್ನು ತಿಳಿಸಿಕೊಟ್ಟುದರಿಂದ ಉಳಿದವರು ಬದುಕಿದರು. ೧೫೩೬ನೆಯ ಇಸವಿ ಜುಲೈ ೧೬ರಂದು ಅವರು ಊರನ್ನು ಸೇರಿದರು.

ಈ ದಿನಾಂಕಗಳನ್ನು ಚರಿತ್ರಕಾರರು ಶೋಧನೆಯ ದಿನಾಂಕಗಳೆಂದು ಎಣಿಸುತ್ತಾರೆ. ಕ್ಯಾಥರೀನಳ ಕಡೆಯಿಂದ ನೋಡಿದರೆ ಇವೇ ಅಗಲಿಕೆಯ ದಿನಾಂಕಗಳು: ಮೊದಲು ನಾಲ್ಕೂವರೆ ತಿಂಗಳು, ಅನಂತರ ಹದಿನಾಲ್ಕು ತಿಂಗಳು, ೧೫೪೧ರಲ್ಲಿ ಮತ್ತೊಂದು ಸಲ. ಅವರಿಗೆ ಮಕ್ಕಳಾಗಲಿಲ್ಲ. ೧೫೫೭ರಲ್ಲಿ ಕಾರ್ತಿಯೇ ತೀರಿಕೊಂಡನು. ಕೆನಡಾದ ಭೂಪಟದಲ್ಲಿ ಅವನ ಹೆಸರು ಅನೇಕ ಕಡೆ ಇದೆ. ಅವಳ ಹೆಸರು ತಿಳಿದವರು ವಿರಳ.

ಕನ್ನಡನಾಡಿನ ಕರಾವಳಿಗೆ ನೆರೆಯಾದ ಕಡಲಿಗೂ ಈ ರೇವಿಗೂ ಸಂಬಂಧವು ಒದಗಿದುದು ೧೭ನೆಯ ಶತಮಾನದ ಮೊದಲ ವರ್ಷದಲ್ಲಿ. ೧೬೦೧ನೆಯ ಇಸವಿ ಮೇ ೧೮ರಂದು ಕ್ರುಆಸಾಂ ಮತ್ತು ಕೋರ್ಬೇನ್, ಎಂದರೆ ಬಾಲಚಂದ್ರ ಮತ್ತು ಕಾಕ, ಎಂಬ ಎರಡು ಹಡಗುಗಳು ಮೆಣಸಿನ ಆಸೆಯಿಂದ ಸೇಂಟ್ ಮಾಲೋವನ್ನು ಬಿಟ್ಟು ಪೂರ್ವಕ್ಕೆ ಹೊರಟವು. ೧೬೦೨ರಲ್ಲಿ ಕೋರ್ಬೇನ್ ಹಡಗು ಮಾಲ್ದೀವದ ದಿಬ್ಬಗಳಿಗೆ ತಗುಲಿ ಒಡೆಯಿತು. ಅದರಲ್ಲಿದ್ದ ಫ್ರಾಂಸುಆ ಪಿರಾರ್ ಎಂಬವನು ಅಲ್ಲಿ ಐದು ವರ್ಷ ಸೆರೆಯಲ್ಲಿದ್ದು, ಆ ಭಾಷೆಯನ್ನು ಕಲಿತು, ತರುವಾಯ ಬಂಗಾಳವನ್ನೂ ಕಲ್ಲಿಕೋಟೆ ಕೊಚ್ಚಿಗಳನ್ನೂ ಹಾದು ಗೋವೆಯನ್ನು ಮುಟ್ಟಿದನು. ಆಗ ಗೋವೆಯ ಪೋರ್ಚುಗೀಸರು ಉಣ್ಣುತ್ತಿದ್ದ ಅಕ್ಕಿಯಲ್ಲಿ ಬಹುಪಾಲು ಬಸರೂರು, ಮಂಗಳೂರು, ಹೊನ್ನಾವರ ಮೊದಲಾದ ಕನ್ನಡ ರೇವುಗಳಿಂದ ಬರುತ್ತಿತ್ತು. ಪಿರಾರನು ೧೬೧೧ರಲ್ಲಿ, ಹೊರಟ ಹತ್ತನೆಯ ವರ್ಷದಲ್ಲಿ, ಸ್ವದೇಶವನ್ನು ಸೇರಿ ತನ್ನ ವೃತ್ತಾಂತವನ್ನು ಪ್ರಕಟಿಸಿದನು. ಹಿಂದೂಸ್ಥಾನದ ಪಶ್ಚಿಮ ಕರಾವಳಿಯನ್ನು ಕುರಿತ ಆ ಶತಮಾನದ ಬರವಣಿಗೆಗಳಲ್ಲಿ ಅದು ಬೆಲೆಯುಳ್ಳದ್ದು. ಕ್ರುಆಸಾಂ ಹಡಗಿಗೂ ಊರನ್ನು ಸೇರುವ ಭಾಗ್ಯವಿರಲಿಲ್ಲ. ಹಿಂದಿರುಗುವಾಗ ೧೬೦೩ರಲ್ಲಿ ಅದನ್ನು ಸ್ಪೇನ್ ದೇಶದ ಬಳಿ ಕೈಬಿಡಬೇಕಾಯಿತು.

೩

ಹೀಗೆ ಹೋದವರ ವೃತ್ತಾಂತವು ಪುಸ್ತಕವಾಗಿ ಉಳಿಯುತ್ತದೆ. ಉಳಿದವರ ವೃತ್ತಾಂತವೆಲ್ಲಿ? ಈ ಪ್ರಶ್ನೆಗೆ ಭಾರತೀಯ ಶಾಸ್ತ್ರಗಳಲ್ಲಿ ಎರಡು ಬಗೆಯ ಉತ್ತರಗಳುಂಟು. ನಾಟ್ಯಶಾಸ್ತ್ರದಲ್ಲಿ ಭರತನು ಹೇಳಿರುವ ಎಂಟು ವಿಧದ ನಾಯಿಕೆಯರಲ್ಲಿ ಪ್ರೋಷಿತಭರ್ತೃಕೆಯೂ ಒಬ್ಬಳು: ಗಂಡನು ಕಾರ್ಯಾಂತರದಿಂದ ದೇಶಾಂತರಕ್ಕೆ ಹೋಗಿರಲು ಕೇಶಸಂಸ್ಕಾರವಿಲ್ಲದೆ ಕೊರಗುವವಳು. ಮೇಘದೂತದ ಯಕ್ಷಪತ್ನಿಯು ಹೊಸ್ತಿಲಿನಲ್ಲಿ ಹೂಗಳನ್ನಿಟ್ಟು ಉಳಿದ ತಿಂಗಳುಗಳನ್ನೆಣಿಸುವಳು. ಇದು ಆಲಂಕಾರಿಕರ ದೃಷ್ಟಿ. ಇಲ್ಲಿ ಅಗಲಿದವಳಿಗೆ ವಿರಹದ ಹೊರತು ಬೇರೆ ಕೆಲಸವಿಲ್ಲ. ಸ್ಮೃತಿಕಾರರ ದೃಷ್ಟಿ ಬೇರೆ. ಪರದೇಶಕ್ಕೆ ಹೋಗುವವನು ಹೆಂಡತಿಗೆ ವೃತ್ತಿಯನ್ನೇರ್ಪಡಿಸಿ ಹೋಗಬೇಕೆಂದೂ, ಏರ್ಪಡಿಸದೆ ಹೋದರೆ ಅವಳು ನಿಂದ್ಯವಲ್ಲದ ಶಿಲ್ಪಗಳಿಂದ ಜೀವಿಸಬಹುದೆಂದೂ ಮನುಸ್ಮೃತಿಯ ೯ನೆಯ ಅಧ್ಯಾಯವು ವಿಧಿಸುತ್ತದೆ. ಅವಳು ಕಾಯಬೇಕಾದ ವರ್ಷಗಳ ಸಂಖ್ಯೆಯನ್ನೂ, ಗಂಡನು ಹೋದುದು ಧರ್ಮಕ್ಕೋ ವಿದ್ಯೆಗೋ ಕಾಮಕ್ಕೋ ಎಂಬುದನ್ನನುಸರಿಸಿ, ಬೇರೆ ಬೇರೆಯಾಗಿ ಹೇಳುತ್ತದೆ. ಕವಿಯು ಕಣ್ಣೀರನ್ನು ನೋಡಿದನು, ಸ್ಮೃತಿಕಾರನು ಗಂಜಿಯನ್ನು ನೋಡಿದನು.

ಸೇಂಟ್ ಮಾಲೋವಿನ ಪ್ರೋಷಿತಭರ್ತೃಕೆಯರನ್ನು ತಿಳಿಯಲು ಈ ಎರಡನೆಯ ದೃಷ್ಟಿಯೇ ಹೆಚ್ಚು ಉಪಯುಕ್ತ. ಆ ಊರಿನ ಗಂಡಸರು ಕಾಡ್ ಮೀನಿಗಾಗಿ ನ್ಯೂಫೌಂಡ್‌ಲೆಂಡಿನ ಕಡಲಿಗೆ ವರ್ಷ ವರ್ಷವೂ ಹೋಗುತ್ತಿದ್ದರು. ಯುದ್ಧಕಾಲದಲ್ಲಿ ರಾಜನ ಅನುಮತಿಪತ್ರವನ್ನು ಪಡೆದು ಶತ್ರುಗಳ ವ್ಯಾಪಾರದ ಹಡಗುಗಳನ್ನು ಸೂರೆಮಾಡುತ್ತಿದ್ದರು. ೧೭ನೆಯ ಶತಮಾನದ ಕೊನೆಯಿಂದ ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ ಪೆರು ದೇಶಕ್ಕೆ ಹೋಗಿ ಬೆಳ್ಳಿಯನ್ನು ತರುತ್ತಿದ್ದರು. ಇಂತಹ ಯಾತ್ರೆಗಳು ಎರಡು ಮೂರು ವರ್ಷ ಹಿಡಿಯುವುದೂ ಉಂಟು. ಆ ಕಾಲವೆಲ್ಲ ಮನೆ, ಅಂಗಡಿ, ಸಾಲ, ಮಗಳ ಮದುವೆ, ಹಡಗಿನ ಪಾಲು, ಇವುಗಳನ್ನು ನಡೆಸಬೇಕಾದವಳು ಹೆಂಡತಿ. ಆದರೆ ಆಗಿನ ಧರ್ಮದಂತೆ ಗಂಡನುಳ್ಳವಳು ಅವನ ಒಪ್ಪಿಗೆಯಿಲ್ಲದೆ ಒಡಂಬಡಿಕೆ ಮಾಡುವಂತಿರಲಿಲ್ಲ. ಈ ತೊಡಕಿಗೆ ಪರಿಹಾರವಾಗಿ, ನಾವಿಕರು ಹೊರಡುವ ಮುನ್ನ ಲೇಖಕಾಧಿಕಾರಿಯ ಸಮ್ಮುಖದಲ್ಲಿ ಹೆಂಡತಿಗೆ ಅಧಿಕಾರಪತ್ರವನ್ನು ಬರೆದುಕೊಡುವ ರೂಢಿಯಿತ್ತು. ವಿಧವೆಯಾದವಳಿಗಾದರೋ ಯಾರ ಒಪ್ಪಿಗೆಯೂ ಬೇಡ. ಅವಳು ಸ್ವಂತ ಹೆಸರಿನಲ್ಲಿಯೇ ಹಡಗುಗಳನ್ನು ಸಜ್ಜುಗೊಳಿಸಿ ಕಡಲಿಗೆ ಕಳುಹಿಸಬಹುದು. ಹದಿನಾಲ್ಕನೆಯ ಲೂಯಿಯ ಕಾಲದ ಈ ಊರಿನ ವರ್ತಕರಲ್ಲಿ ಅಂತಹ ವಿಧವೆಯರೂ ಇದ್ದರು.

ಇವರಿಬ್ಬರಿಗಿಂತಲೂ ದುಃಸ್ಥಿತಿಯು ಮೂರನೆಯವಳದು. ಗಂಡನ ಹಡಗು ಬರಲಿಲ್ಲ, ಮುಳುಗಿದ ಸಾಕ್ಷ್ಯವೂ ಬರಲಿಲ್ಲ ಎಂದರೆ ಅವಳು ಸಧವೆಯೂ ಅಲ್ಲ, ವಿಧವೆಯೂ ಅಲ್ಲ. ಮರಣಕ್ಕೆ ಸಾಕ್ಷಿಯಿಲ್ಲದೆ ಚರ್ಚು ಪುನರ್ವಿವಾಹವನ್ನು ಒಪ್ಪದು. ಅಧಿಕಾರಪತ್ರವೋ ಕೊಟ್ಟವನು ಬದುಕಿರುವನೆಂಬ ನಂಬಿಕೆಯ ಮೇಲೆ ನಿಂತದ್ದು. ಕವಿಗಳಿಗೆ ಈ ಅವಸ್ಥೆಗೆ ಹೆಸರಿಲ್ಲ. ಕಡಲಿನ ಊರುಗಳಲ್ಲಿ ಅದು ವಿರಳವಾಗಿರಲಿಲ್ಲ.

೪

ಆದರೂ ಈ ರೇವಿನಿಂದ ದಂಪತಿಗಳು ಜೊತೆಯಾಗಿ ಹೊರಟ ಸಂದರ್ಭಗಳಿಲ್ಲವೆನ್ನಲಾಗದು. ಅವುಗಳನ್ನು ಪರಿಶೀಲಿಸಿದರೆ ನಿಯಮದ ಸ್ವರೂಪವು ಇನ್ನೂ ಸ್ಪಷ್ಟವಾಗುತ್ತದೆ.

ಮೊದಲನೆಯದು ದೊಡ್ಡ ಅಧಿಕಾರಿಗಳ ವರ್ಗ. ೧೬೯೯ರಲ್ಲಿ ಸೇಂಟ್ ಮಾಲೋವಿನಲ್ಲಿ ಹುಟ್ಟಿದ ಮಾಹೆ ದ ಲಾ ಬೂರ್ದೊನೆ, ೧೭೪೬ರಲ್ಲಿ ಮದರಾಸನ್ನು ಹಿಡಿದವನು, ದಕ್ಷಿಣ ಹಿಂದೂಸ್ಥಾನದ ಚರಿತ್ರೆಯನ್ನೋದಿದವರಿಗೆ ಪರಿಚಿತನೇ. ೧೭೩೫ರಲ್ಲಿ ಅವನು ಈಗ ಮಾರಿಷಸ್ ಎನಿಸುವ ದ್ವೀಪಕ್ಕೆ ಅಧಿಪತಿಯಾಗಿ ಹೋದಾಗ ಹೆಂಡತಿಯೂ ಜೊತೆಯಲ್ಲಿದ್ದಳು. ಅವಳು ೧೭೩೮ರಲ್ಲಿ ಆ ದ್ವೀಪದಲ್ಲಿಯೇ ತೀರಿಕೊಂಡಳು. ಅಧಿಪತಿಯಾದವನಿಗೆ ಹಡಗಿನಲ್ಲಿ ಸಂಸಾರಕ್ಕೆ ಕೊಠಡಿ ದೊರೆಯುತ್ತದೆ. ಹಗ್ಗ ಎಳೆಯುವವನಿಗೆ ಮಲಗಲು ತೂಗುಬಟ್ಟೆಯೊಂದೇ. ಅದೇ ಕಾಲದ ಹಡಗುಗಳಲ್ಲಿ ಆಫ್ರಿಕದಿಂದ ದಾಸರಾಗಿ ಸಾಗಿಸಲ್ಪಟ್ಟ ಗಂಡಹೆಂಡಿರ ವಿಷಯದಲ್ಲಿಯಂತೂ ಸಹಯಾನವೆಂಬ ಮಾತಿಗೇ ಅರ್ಥವಿಲ್ಲ. ಈ ಊರಿನ ವರ್ತಕರ ಹಣದಲ್ಲಿ ಆ ವ್ಯಾಪಾರದ ಪಾಲೂ ಇದ್ದಿತೆಂಬುದನ್ನು ಮರೆಯಬಾರದು.

ಎರಡನೆಯದು ನಿರಾಶ್ರಿತರ ವರ್ಗ. ಕೆನಡಾದ ಪೂರ್ವತೀರದ ಅಕಾಡಿಯಾ ಎಂಬ ಪ್ರಾಂತದಲ್ಲಿ ನೆಲಸಿದ್ದ ಫ್ರೆಂಚ್ ಒಕ್ಕಲಿಗರನ್ನು ಇಂಗ್ಲಿಷರು ೧೭೫೫ರಿಂದ ಮೊದಲುಗೊಂಡು ಹೊರದೂಡಿದರು. ೧೭೫೮ರಲ್ಲಿ ಹಡಗುಗಳಲ್ಲಿ ತುಂಬಿ ಕಳುಹಿಸಲ್ಪಟ್ಟವರಲ್ಲಿ ಅನೇಕರು ದಾರಿಯಲ್ಲಿಯೇ ಸತ್ತರು. ಉಳಿದವರಲ್ಲಿ ಬಹುಮಂದಿ ಸೇಂಟ್ ಮಾಲೋವಿನಲ್ಲಿ ಇಳಿದರು. ಅಲ್ಲಿ ಅವರಿಗೆ ಹೊಲವಿಲ್ಲ, ಮನೆಯಿಲ್ಲ. ೧೭೬೩ರಲ್ಲಿ ಬೂಗೆಂವಿಲ್ ಎಂಬ ಸೇನಾಧಿಕಾರಿಯು ದಕ್ಷಿಣ ಅಟ್ಲಾಂಟಿಕದ ನಿರ್ಜನ ದ್ವೀಪಗಳಲ್ಲಿ ಒಂದು ವಸತಿಯನ್ನು ಸ್ಥಾಪಿಸಲು ಇದೇ ರೇವಿನಿಂದ ಎರಡು ಹಡಗುಗಳಲ್ಲಿ ಹೊರಟಾಗ, ಅಕಾಡಿಯಾದ ಕೆಲವು ಸಂಸಾರಗಳನ್ನು ಕರೆದುಕೊಂಡು ಹೋದನು. ಗಂಡ, ಹೆಂಡತಿ, ಮಕ್ಕಳು ಒಂದೇ ಹಡಗಿನಲ್ಲಿ. ಆ ದ್ವೀಪಗಳಿಗೆ ಸೇಂಟ್ ಮಾಲೋವಿನ ಹೆಸರಿನಿಂದಲೇ ಮಾಲುಈನ್ ಎಂಬ ನಾಮವು ಬಂದಿತು; ಸ್ಪೇನಿನವರ ಬಾಯಿಯಲ್ಲಿ ಅದು ಮಾಲ್ವಿನಾಸ್ ಆಯಿತು; ಇಂಗ್ಲಿಷರು ಫಾಕ್‌ಲೆಂಡ್ ಎನ್ನುತ್ತಾರೆ. ೧೭೬೭ರಲ್ಲಿ ಆ ವಸತಿಯನ್ನು ಸ್ಪೇನಿಗೆ ಒಪ್ಪಿಸಿಕೊಡಬೇಕಾಯಿತು. ೧೭೮೫ರಲ್ಲಿ ಅಕಾಡಿಯಾದ ಸುಮಾರು ೧,೬೦೦ ಮಂದಿ ಏಳು ಹಡಗುಗಳಲ್ಲಿ ಫ್ರಾನ್ಸನ್ನು ಬಿಟ್ಟು ಲೂಯಿಸಿಯಾನಾಕ್ಕೆ ಹೋದರು. ಅವುಗಳಲ್ಲೊಂದು ಹೊರಟುದೂ ಸೇಂಟ್ ಮಾಲೋವಿನಿಂದಲೇ. ಕಾಯುವುದಕ್ಕೆ ಗೋಡೆಯೊಳಗೆ ಮನೆಯುಳ್ಳವಳು ಹಿಂದೆ ಉಳಿದಳು. ಮನೆಯೇ ಇಲ್ಲದವಳು ಗಂಡನೊಡನೆ ಹೊರಟಳು.

ಮೂರನೆಯದು ವೇಷಾಂತರದ ಪ್ರಸಂಗ. ೧೬೮೯ರ ನೌಕಾಶಾಸನವು ರಾಜನ ಹಡಗುಗಳಲ್ಲಿ ಹೆಂಗಸರು ರಾತ್ರಿ ತಂಗುವುದನ್ನು ನಿಷೇಧಿಸಿತ್ತು. ಅದೇ ಬೂಗೆಂವಿಲ್ಲನು ಬೂದೂಸ್ ಮತ್ತು ಎತುಆಲ್ ಎಂಬ ಎರಡು ಹಡಗುಗಳೊಡನೆ ಭೂಪ್ರದಕ್ಷಿಣೆಗೆ ಹೊರಟಾಗ, ಎರಡನೆಯ ಹಡಗಿನಲ್ಲಿ ಕೊಮೆರ್ಸೊಂ ಎಂಬ ಸಸ್ಯಶಾಸ್ತ್ರಜ್ಞನಿದ್ದನು. ಅವನ ಮನೆಯನ್ನು ನೋಡಿಕೊಳ್ಳುತ್ತಿದ್ದ ಜಾನ್ ಬಾರೆ ಎಂಬವಳು ಗಂಡಸಿನ ಉಡುಪನ್ನು ತೊಟ್ಟು ಅವನ ಸೇವಕನೆಂಬ ಹೆಸರಿನಿಂದ ೧೭೬೭ರಲ್ಲಿ ಅವನೊಡನೆ ಯಾತ್ರೆಮಾಡಿದಳು. ಬೆಟ್ಟಗಳನ್ನು ಹತ್ತಿ ಮೂಲಿಕೆಗಳನ್ನು ಕೂಡಿಸುವುದರಲ್ಲಿ ಅವಳ ಬಲವನ್ನು ಬೂಗೆಂವಿಲ್ಲನೇ ಪ್ರಶಂಸಿಸಿದ್ದಾನೆ. ೧೭೬೮ರಲ್ಲಿ ತಾಹಿತಿ ದ್ವೀಪದಲ್ಲಿ ಅವಳು ಹೆಂಗಸೆಂಬುದು ಬಯಲಾಯಿತೆಂದು ಅವನ ಬರವಣಿಗೆಯಿಂದ ತಿಳಿಯುತ್ತದೆ. ಅದೇ ವರ್ಷದ ಕೊನೆಯಲ್ಲಿ ಅವರಿಬ್ಬರೂ ಮಾರಿಷಸ್ಸಿನಲ್ಲಿ ಇಳಿದುಕೊಂಡರು. ಬೂಗೆಂವಿಲ್ಲನು ಮುಂದೆ ಸಾಗಿ ೧೭೬೯ನೆಯ ಇಸವಿ ಮಾರ್ಚ್ ೧೬ರಂದು ಸೇಂಟ್ ಮಾಲೋವನ್ನು ಪ್ರವೇಶಿಸಿ ಕೀರ್ತಿವಂತನಾದನು. ಕೊಮೆರ್ಸೊಂ ೧೭೭೩ರಲ್ಲಿ ಸತ್ತನು. ಜಾನ್ ಬಾರೆಯು ೧೭೭೪ರಲ್ಲಿ ಬೇರೊಬ್ಬನನ್ನು ವಿವಾಹವಾಗಿ, ತರುವಾಯ ಅವನೊಡನೆ ಸ್ವದೇಶಕ್ಕೆ ಮರಳಿದಳು. ಭೂಮಂಡಲವನ್ನು ಸುತ್ತಿದ ಮೊದಲನೆಯ ಹೆಂಗಸೆಂದು ಇವಳನ್ನು ಎಣಿಸುತ್ತಾರೆ. ೧೭೮೫ರಲ್ಲಿ ನೌಕಾಖಾತೆಯು ಇವಳಿಗೆ ವರ್ಷಕ್ಕೆ ೨೦೦ ಲೀವ್ರ್ ವಿಶ್ರಾಂತಿವೇತನವನ್ನು ಗೊತ್ತುಮಾಡಿತು. ಶಾಸನವನ್ನು ಮುರಿದವಳಿಗೆ ಶಾಸನ ಮಾಡಿದ ಖಾತೆಯೇ ಸಂಬಳ ಕೊಟ್ಟುದು ಗಮನಾರ್ಹ.

ಹೀಗೆ ಅಧಿಕಾರ, ನಿರ್ಗತಿ, ವೇಷ, ಈ ಮೂರರಲ್ಲೊಂದು ಇಲ್ಲದೆ ಹೆಂಗಸು ಹಡಗನ್ನೇರುವಂತಿರಲಿಲ್ಲ.

೫

ಈ ಊರಿನ ಸೂರೆಗಾರರಲ್ಲಿ ಪ್ರಸಿದ್ಧನಾದ ರೋಬೇರ್ ಸುರ್ಕೂಫನು ೧೮೦೦ನೆಯ ಇಸವಿ ಅಕ್ಟೋಬರ್ ತಿಂಗಳಲ್ಲಿ ಬಂಗಾಳ ಕೊಲ್ಲಿಯಲ್ಲಿ ಇಂಗ್ಲಿಷ್ ಕಂಪನಿಯ ಕೆಂಟ್ ಎಂಬ ಹಡಗನ್ನು, ಅದರಲ್ಲಿ ತನ್ನವರಿಗಿಂತ ಇಮ್ಮಡಿಗೂ ಮಿಗಿಲಾದ ಜನರಿದ್ದರೂ, ಹಿಡಿದನು. ಆ ಹಣದೊಡನೆ ಊರಿಗೆ ಬಂದು ೧೮೦೧ರಲ್ಲಿ ವರ್ತಕನೊಬ್ಬನ ಮಗಳಾದ ಮಾರೀ ಕ್ಯಾಥರೀನ್ ಬ್ಲೇಜ್ ಎಂಬವಳನ್ನು ವಿವಾಹವಾದನು. ಆರು ವರ್ಷ ಕಳೆಯುವಷ್ಟರಲ್ಲಿ, ೧೮೦೭ರಲ್ಲಿ, ಮತ್ತೆ ಹಿಂದೂ ಮಹಾಸಾಗರಕ್ಕೆ ಹೊರಟನು. ಹೆಂಡತಿಯು ಊರಿನಲ್ಲುಳಿದಳು. ಕಾರ್ತಿಯೇ ಕಾಲಕ್ಕೂ ಇವನ ಕಾಲಕ್ಕೂ ನಡುವೆ ಮುನ್ನೂರು ವರ್ಷಗಳ ಸಮೀಪ ಕಳೆದಿದ್ದರೂ ಸಂಸಾರದ ಕ್ರಮವು ಬದಲಾಗಲಿಲ್ಲ.

ಕಡಲನ್ನು ಬಿಟ್ಟು ಲೇಖನಿಯನ್ನು ಹಿಡಿದವನೂ ಈ ಕ್ರಮದಿಂದ ಪಾರಾಗಲಿಲ್ಲ. ಗ್ರಂಥಕರ್ತನಾದ ಶಾತೋಬ್ರಿಯಾನನು ೧೭೬೮ರಲ್ಲಿ ಈ ಊರಿನಲ್ಲಿ, ದಾಸವ್ಯಾಪಾರದಲ್ಲಿಯೂ ತೊಡಗಿದ್ದ ಒಬ್ಬ ಹಡಗಿನ ಯಜಮಾನನ ಮಗನಾಗಿ ಹುಟ್ಟಿದನು. ೧೭೯೨ರಲ್ಲಿ ಸೆಲೆಸ್ತ್ ಎಂಬವಳನ್ನು ವಿವಾಹವಾಗಿ, ಅದೇ ವರ್ಷ ಅವಳನ್ನು ಬಿಟ್ಟು ಯುದ್ಧಕ್ಕೆ ಹೋಗಿ, ಅಲ್ಲಿಂದ ಇಂಗ್ಲೆಂಡಿಗೆ ಹೋದನು. ೧೮೦೦ರಲ್ಲಿ ಮಾತ್ರ ಸ್ವದೇಶಕ್ಕೆ ಬಂದನು. ೧೮೪೮ರಲ್ಲಿ ಅವನನ್ನು ಅವನ ಇಚ್ಛೆಯಂತೆ ಪ್ರಾಕಾರದ ಎದುರಿಗಿರುವ ಗ್ರಾಂದ್ ಬೇ ಎಂಬ ಬಂಡೆಯ ದ್ವೀಪದಲ್ಲಿ ಹೆಸರಿಲ್ಲದ ಕಲ್ಲಿನ ಕೆಳಗೆ ಹೂಳಿದರು. ಇಳಿತದಲ್ಲಿ ಅಲ್ಲಿಗೆ ನಡೆದು ಹೋಗಬಹುದು. ಉಬ್ಬರದಲ್ಲಿ ಅದು ಸುತ್ತಲೂ ನೀರಿನಿಂದ ಬೇರೆಯಾಗುತ್ತದೆ. ಹಿಂದಿನ ವರ್ಷವೇ ತೀರಿಕೊಂಡಿದ್ದ ಸೆಲೆಸ್ತಳ ಸಮಾಧಿಯು ಅವಳೇ ಸ್ಥಾಪಿಸಿದ್ದ ಪ್ಯಾರಿಸ್ಸಿನ ಒಂದು ಆಶ್ರಮದಲ್ಲಿದೆ. ಗಂಡನು ಕಡಲಿನಲ್ಲಿ, ಹೆಂಡತಿಯು ಗೋಡೆಯೊಳಗೆ ಎಂಬ ಸೇಂಟ್ ಮಾಲೋವಿನ ಪದ್ಧತಿಯು ಮರಣದ ಮೇಲೂ ನಡೆದಂತಾಯಿತು.

೬

ಈಗ ಕಾಣುವ ಪಟ್ಟಣದ ವಿಷಯದಲ್ಲಿ ಒಂದು ಎಚ್ಚರಿಕೆಯು ಅವಶ್ಯಕ. ೧೯೪೪ನೆಯ ಇಸವಿ ಆಗಸ್ಟ್ ತಿಂಗಳಲ್ಲಿ, ಜರ್ಮನರ ಸೇನೆಯು ಇಲ್ಲಿ ನೆಲೆನಿಂತು ಅಮೆರಿಕದ ಸೇನೆಯು ಮುತ್ತಿಗೆ ಹಾಕಿದಾಗ, ಗುಂಡಿನಿಂದಲೂ ಬೆಂಕಿಯಿಂದಲೂ ಪ್ರಾಕಾರದೊಳಗಿನ ಕಟ್ಟಡಗಳಲ್ಲಿ ನೂರಕ್ಕೆ ೮೦ರಷ್ಟು ಹಾಳಾದುವು. ದೇವಾಲಯದ ಗೋಪುರವು ಉರುಳಿತು. ಪ್ರಾಕಾರವು ಮಾತ್ರ ಬಹುಮಟ್ಟಿಗೆ ಉಳಿಯಿತು. ಯುದ್ಧಾನಂತರ ಲೂಯಿ ಆರೆತ್ಶ್ ಎಂಬ ವಾಸ್ತುಶಿಲ್ಪಿಯ ಮೇಲ್ವಿಚಾರಣೆಯಲ್ಲಿ ಹಳೆಯ ಎತ್ತರ, ಹಳೆಯ ಮಾಡು, ಹಳೆಯ ಬೆಣಚುಕಲ್ಲು ಇವುಗಳನ್ನನುಸರಿಸಿ ಊರನ್ನು ಮತ್ತೆ ಕಟ್ಟಿದರು. ದೇವಾಲಯದ ಗೋಪುರವು ಪೂರ್ತಿಯಾದುದು ೧೯೭೨ರಲ್ಲಿ. ಆದುದರಿಂದ ಪ್ರಾಚೀನವೆಂದು ತೋರುವ ಮನೆಗಳಲ್ಲಿ ಬಹುಪಾಲು ೨೦ನೆಯ ಶತಮಾನದವು. ಹೊರಗಿನ ಗೋಡೆಯು ಹಳೆಯದು, ಒಳಗಿನ ಮನೆಯು ಹೊಸದು. ಹೋದವರ ಕೀರ್ತಿಯನ್ನು ಹೇಳುವ ಕಲ್ಲು ಉಳಿದು, ಕಾದವರು ಬಾಳಿದ ಕೋಣೆಗಳು ಬೂದಿಯಾದುವು ಎಂದರೂ ಸಲ್ಲುತ್ತದೆ. ಪ್ರಾಕಾರದ ಮೇಲೂ ಅದರ ಬಳಿ ಇರುವ ತೋಟದಲ್ಲಿಯೂ ಕಾರ್ತಿಯೇ, ದ್ಯುಗೇ ತ್ರೂಎನ್, ಸುರ್ಕೂಫ್ ಮೊದಲಾದವರ ಪ್ರತಿಮೆಗಳಿವೆ. ಅಧಿಕಾರಪತ್ರದ ಬಲದಿಂದ ಊರನ್ನು ನಡೆಸಿದವರ ಹೆಸರುಗಳಾದರೋ ಲೇಖಕಾಧಿಕಾರಿಗಳ ದಫ್ತರಗಳಲ್ಲಿ ದೊರೆಯತಕ್ಕವು. ಚರಿತ್ರೆಯನ್ನು ಬರೆಯುವವರು ಶಿಲೆಯನ್ನೂ ದಫ್ತರವನ್ನೂ ಕೂಡಿಸಿ ಓದದಿದ್ದರೆ ಊರಿನ ಅರ್ಧಭಾಗವು ಮಾತ್ರ ಅವರಿಗೆ ಗೋಚರವಾಗುತ್ತದೆ.

ಇಷ್ಟನ್ನು ತಿಳಿದ ಬಳಿಕ ಮೊದಲು ಹೇಳಿದ ದಂಪತಿಗಳ ತಂಗುವಿಕೆಯ ಅರ್ಥವು ಸ್ಫುಟವಾಗುತ್ತದೆ. ಅವರ ಸಣ್ಣ ಹಡಗೂ ಕಾರ್ತಿಯೇ ಹಡಗಿನಂತೆಯೇ ಬಂಡೆಗಳ ನಡುವಿನ ಗುರುತುಗಳನ್ನು ಹಿಡಿದು ಬರಬೇಕು. ವೋಬಾನನ ಹೆಸರಿನ ಕೊಳವು ಪ್ರಾಕಾರದ ಬುಡದಲ್ಲಿಯೇ ಇದೆ. ಅದಕ್ಕೆ ಹೋಗುವ ನೀರಿನ ಬಾಗಿಲು ಉಬ್ಬರದ ಹಿಂದುಮುಂದಿನ ಕೆಲವು ಗಂಟೆಗಳಲ್ಲಿ ಮಾತ್ರ ತೆರೆಯುತ್ತದೆ. ಆ ಹೊತ್ತನ್ನು ತಪ್ಪಿಸಿದವರು ಮುಂದಿನ ಉಬ್ಬರದವರೆಗೆ ಹೊರಗೇ ನಿಲ್ಲಬೇಕು. ನೀರಿನ ಕಟ್ಟಳೆಯು ಬದಲಾಗಿಲ್ಲ. ಮನುಷ್ಯರ ಕಟ್ಟಳೆಯು ಬದಲಾಗಿದೆ. ೧೯೭೮ರಿಂದ ನಾಲ್ಕು ವರ್ಷಕ್ಕೊಮ್ಮೆ ಇದೇ ರೇವಿನಿಂದ ಅಟ್ಲಾಂಟಿಕದಾಚೆಯ ಗ್ವಾಡಲೂಪ್ ದ್ವೀಪಕ್ಕೆ ಒಬ್ಬೊಬ್ಬರೇ ಹಾಯಿ ನಡೆಸುವ ಒಂದು ಪಂದ್ಯವು ನಡೆಯುತ್ತದೆ. ೧೯೯೦ರಲ್ಲಿ ಅದನ್ನು ಗೆದ್ದವಳು ಫ್ಲೊರೆನ್ಸ್ ಆರ್ತೋ ಎಂಬ ಮಹಿಳೆ. ಜಾನ್ ಬಾರೆಯು ವೇಷವನ್ನು ಮರೆಮಾಡಿ ಹೋದ ಕಡಲಿನಲ್ಲಿ ಇವಳು ಹೆಸರನ್ನು ಸಾರಿ ಹೋದಳು.

ಬಾಗಿಲು ತೆರೆಯುವ ಹೊತ್ತಿಗೆ ಗಂಡನೂ ಹೆಂಡತಿಯೂ ಹಗ್ಗಗಳನ್ನು ಬಿಚ್ಚಿ, ಪ್ರತಿಮೆಗಳಿರುವ ಗೋಡೆಯ ಕೆಳಗಿನಿಂದ ಕಡಲಿಗೆ ಹೊರಟರೆ, ದಡದ ಮೇಲೆ ಅವರಿಗಾಗಿ ಕಾಯುವವರು ಯಾರೂ ಇರುವುದಿಲ್ಲ. ಆ ಊರಿನ ಪೂರ್ವಿಕರು ಎಂಟು ನೂರು ವರ್ಷ ಗೋಡೆಯನ್ನು ಕಟ್ಟಿಯೂ ಪಡೆಯಲಾರದಿದ್ದ ಭಾಗ್ಯವಿದು.